ತಂತ್ರಜ್ಞರು ಸರ್ಕಾರಕ್ಕೆ ಬಂದರೆ ನಮ್ಮ ಕೊಟ್ಟಿಗೆಗೇನು ಲಾಭ?



ಕಳೆದ ಮಳೆಗಾಲದಲ್ಲಿ ನಮ್ಮ ವ್ಯಾಪ್ತಿಯ ಊರೊಂದರಲ್ಲಿ ಎರಡನೇ ಸೂಲಿನ ಎಚ್‌ಎಫ್ ಮಿಶ್ರತಳಿ ಹಸುವೊಂದು ಸತ್ತಿತು. ವಿಮೆ ಇತ್ತು. ಮರಣೋತ್ತರ ಪರೀಕ್ಷೆಯ ವರದಿ ಬರೆಯುವಾಗ ನೋಡಿದರೆ, ಕಿವಿಯೋಲೆಯಲ್ಲಿ 47 ಇದ್ದ ಕಡೆ ವಿಮೆ ಕಾಗದದಲ್ಲಿ 74 ಎಂದಿತ್ತು. ಬರೆದವರ ಕೈತಪ್ಪು. "ಡಾಕ್ಟ್ರೇ, ಹಸು ಅದೇ, ಓಲೆನೂ ಅದೇ. ಕಾಗದ ಮಾತ್ರ ಬೇರೆ ಹಸು ಅಂತಿದೆಯಲ್ಲ" ಎಂದರು ಆ ತಾಯಿ. ಡೇರಿಯ ಕೃತಕ ಗರ್ಭಧಾರಣೆ ರಿಜಿಸ್ಟರಿನಲ್ಲಿ ಸರಿಯಾದ ಸಂಖ್ಯೆ ಸಿಕ್ಕಿ, ಹಣ ಕೈಸೇರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಹಸುವಿಗೆಂದು ಮಾಡಿದ್ದ ಸಾಲದ ಕಂತು ಅಲ್ಲಿಯವರೆಗೆ ಕಾಯಲಿಲ್ಲ.

ಇಂಥ ತಪ್ಪನ್ನು ಕಂಪ್ಯೂಟರೇ ಹಿಡಿಯುವಂತೆ ಮಾಡಬಹುದೇ? ಮಾಡಬಹುದು. ನಿಮ್ಮ ಆಧಾರ್ ಕಾರ್ಡಿನಲ್ಲೇ ಅದಕ್ಕೆ ಉದಾಹರಣೆ ಇದೆ.

ಹೊರಗಿನಿಂದ ಬಂದವರು

2009ರಲ್ಲಿ ಕೇಂದ್ರ ಸರ್ಕಾರ ವಿಶಿಷ್ಟ ಗುರುತಿನ ಪ್ರಾಧಿಕಾರವನ್ನು ಸ್ಥಾಪಿಸಿ, ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಬೆಂಗಳೂರಿನ ನಂದನ್ ನಿಲೇಕಣಿ ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಅವರೊಂದಿಗೆ ಖಾಸಗಿ ಕಂಪನಿಗಳ ಎಂಜಿನಿಯರುಗಳೂ ಬಂದರು. ಕೆಲವರು ಸಂಬಳವಿಲ್ಲದೆ ದುಡಿದರು. ಸರ್ಕಾರದ ಅಧಿಕಾರಿಗಳ ಜೊತೆ ಕೂತು ಇವರು ಕಟ್ಟಿದ್ದೇ ಆಧಾರ್. ಮೊದಲ ಸಂಖ್ಯೆ ಸಿಕ್ಕಿದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ.

ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಪಡೆಯುತ್ತಾರೆ. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. 47 ಹೋಗಿ 74 ಆಗುವ ತಪ್ಪು ಅಲ್ಲಿ ನುಸುಳಲಾರದು. ತಂತ್ರ ಬಲ್ಲವರು ಸರ್ಕಾರದೊಳಗೆ ಬಂದರೆ ಆಗುವ ಲಾಭ ಇದು.

ಆದರೆ ತಂತ್ರಜ್ಞರಿಗೆ ಎಲ್ಲವೂ ಗೊತ್ತಿರುವುದಿಲ್ಲ. ದಿನವೂ ಹಾಲು ಕರೆದು, ಮೇವು ಕೊಯ್ದು ಸವೆದ ಬೆರಳಿನ ಅಚ್ಚು ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಇಂಥವರಿಗಾಗಿ ಹತ್ತು ಬೆರಳುಗಳ ಜೊತೆ ಎರಡೂ ಕಣ್ಣಿನ ಪಾಪೆಯ ಚಿತ್ರ ತೆಗೆಯುವ ವ್ಯವಸ್ಥೆ ಬಂತು. ಆದರೂ ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಹಿರಿಯರು ಬರಿಗೈಯಲ್ಲಿ ಮರಳಿದ್ದನ್ನು ನಾವು ಕಂಡಿದ್ದೇವೆ. ಅಂಕಿಯ ತಪ್ಪು ಹಿಡಿಯಲು ಎಂಜಿನಿಯರ್ ಬೇಕು. ಬೆರಳು ಸವೆಯುತ್ತದೆ ಎಂದು ಅವರಿಗೆ ಹೇಳಲು ಹಾಲು ಕರೆಯುವವರೇ ಬೇಕು.

ಬಲ್ಲವರು ಮಾತಾಡಲಿ

ಈ ಪಾಠವನ್ನು ಅಮೆರಿಕವೂ ಕಷ್ಟಪಟ್ಟೇ ಕಲಿಯಿತು. ಜನರು ಆರೋಗ್ಯ ವಿಮೆ ಕೊಳ್ಳಲೆಂದು ಅಲ್ಲಿನ ಸರ್ಕಾರ ಮಾಡಿಸಿದ ಹೆಲ್ತ್‌ಕೇರ್ ಡಾಟ್ ಗವ್ ಜಾಲತಾಣ 2013ರ ಅಕ್ಟೋಬರ್ 1ರಂದು ಶುರುವಾಯಿತು. ಮೊದಲ ದಿನ ಅದರಲ್ಲಿ ವಿಮೆ ಪಡೆಯಲು ಆಗಿದ್ದು ಆರು ಜನರಿಗೆ ಮಾತ್ರ! ಆಗ ಗೂಗಲ್‌ನಲ್ಲಿದ್ದ ಮೈಕಿ ಡಿಕರ್ಸನ್ ಮೊದಲಾದ ಎಂಜಿನಿಯರುಗಳನ್ನು ಕರೆಸಿದರು. ಅವರು ದಿನವೂ ನಡೆಸುತ್ತಿದ್ದ ಸಭೆಗೆ ಎರಡು ಮುಖ್ಯ ನಿಯಮಗಳಿದ್ದವು. ಸಭೆ ಇರುವುದು ಸಮಸ್ಯೆ ಬಿಡಿಸಲು, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಅಲ್ಲ. ಮಾತಾಡಬೇಕಾದವರು ಆ ವಿಷಯ ಬಲ್ಲವರು, ದೊಡ್ಡ ಹುದ್ದೆಯವರಲ್ಲ. ಎರಡು ತಿಂಗಳಲ್ಲಿ ಜಾಲತಾಣ ಬಹುಪಾಲು ಜನರಿಗೆ ಕೆಲಸಕ್ಕೆ ಬಂತು. ಮರುವರ್ಷ ಇಂಥ ತಂತ್ರಜ್ಞರದೇ ಒಂದು ತಂಡವನ್ನು ಸರ್ಕಾರ ಕಟ್ಟಿತು.

ಈಗ ನಮ್ಮ ರಾಸುಗಳಿಗೂ 12 ಅಂಕಿಯ ಕಿವಿಯೋಲೆ ಬಂದಿದೆ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಕರು ಹಾಕಿದ ದಿನ, ಚಿಕಿತ್ಸೆ ಎಲ್ಲವೂ ಆ ಸಂಖ್ಯೆಯ ಅಡಿ 'ಭಾರತ್ ಪಶುಧನ್' ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಕಡಸಿನ ತಂದೆ ಹೋರಿ ಯಾವುದೆಂದು ಗೊತ್ತಿದ್ದರೆ ಅದೇ ಹೋರಿಯ ವೀರ್ಯವನ್ನು ಮಗಳಿಗೆ ಕೊಡುವುದು ತಪ್ಪುತ್ತದೆ. ಆದರೆ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ಹಸು ಮಾರಿದ್ದು, ಓಲೆ ಉದುರಿದ್ದು, ಮೊಬೈಲ್ ನಂಬರ್ ಬದಲಾದದ್ದು ನೀವು ಹೇಳದೆ ಅದಕ್ಕೆ ತಿಳಿಯದು. ಈ ವಿಷಯ ಬಲ್ಲವರು ನೀವೇ.

ಆದ್ದರಿಂದ ಇಷ್ಟು ಮಾಡಿ:

* ಪ್ರತಿ ರಾಸಿನ ಓಲೆ ಕಾಣುವಂತೆ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.
* ವಿಮೆ ಕಾಗದ ಕೈಗೆ ಬಂದ ದಿನವೇ 12 ಅಂಕಿಗಳನ್ನೂ ಒಂದೊಂದಾಗಿ ಹೋಲಿಸಿ.
* ರಾಸು ಮಾರಿದಾಗ ಅಥವಾ ಕೊಂಡಾಗ ಮಾಲೀಕರ ಹೆಸರು, ಮೊಬೈಲ್ ಸಂಖ್ಯೆ ಬದಲಿಸಲು ಹೇಳಿ.
* ಓಲೆ ಬಿದ್ದರೆ ಪಶುವೈದ್ಯರಿಗೂ ವಿಮೆಯವರಿಗೂ ಕೂಡಲೇ ತಿಳಿಸಿ.
* ಆ್ಯಪ್‌ನಲ್ಲಿ ತೊಂದರೆಯಾದರೆ ದಿನಾಂಕ ಸಹಿತ ಬರೆದು ಸಂಘದ ಕಾರ್ಯದರ್ಶಿಗೆ ಕೊಡಿ. ಬರೆದು ಕೊಟ್ಟದ್ದು ಮೇಲಿನವರೆಗೆ ಹೋಗುತ್ತದೆ, ಗೊಣಗಿದ್ದು ಹೋಗುವುದಿಲ್ಲ.

ಆ ತಾಯಿ ಈಗ ಮತ್ತೊಂದು ಹಸು ತಂದಿದ್ದಾರೆ. ವಿಮೆ ಮಾಡಿಸುವ ದಿನ ಓಲೆಯ ಅಂಕಿಗಳನ್ನು ಅವರೇ ಗಟ್ಟಿಯಾಗಿ ಓದಿದರು, ನಾನು ಬರೆದೆ. ಬರೆದದ್ದನ್ನು ನನ್ನಿಂದ ಮತ್ತೆ ಓದಿಸಿ, ತಾಳೆ ನೋಡಿದ ಮೇಲೆಯೇ ಸಹಿ ಹಾಕಿದರು.