ಏರಿ ಕಾಯುವವರಿಗೆ ಮೀನಿನಲ್ಲಿ ಪಾಲೆಲ್ಲಿ?

ಕೆರೆ ತುಂಬಿ ಕೋಡಿ ಬಿದ್ದ ದಿನ ಬಾಗಿನ ಬಿಡಲು ಊರಿಗೆ ಊರೇ ಸೇರುತ್ತದೆ. ಅದೇ ಕೆರೆಯ ಏರಿ ಮೇಲೆ ಬೆಳೆದ ಬಳ್ಳಾರಿ ಜಾಲಿ ಕಡಿಯಲು, ತೂಬಿನ ಬಾಯಿಗೆ ಸಿಕ್ಕಿಕೊಂಡ ಕಸ ತೆಗೆಯಲು ಬನ್ನಿ ಎಂದು ಕರೆದರೆ ನಾಲ್ಕು ಜನ ಸಿಕ್ಕುವುದೂ ಕಷ್ಟ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕೆರೆ ಸಮಿತಿಯನ್ನೋ ಹೊಳೆ ಉಳಿಸುವ ಬಳಗವನ್ನೋ ಮೀನುಗಾರರ ಸಂಘವನ್ನೋ ನಡೆಸಿಕೊಂಡು ಹೋಗುವವರಿಗೆ ಇದು ಹೊಸ ಸಂಗತಿಯಲ್ಲ. ಕಾರಣ ಕೇಳಿದರೆ ಸಿದ್ಧ ಉತ್ತರವೂ ಇದೆ: ಹಿಂದಿನವರಿಗೆ ಸೇವೆಯ ಮನಸ್ಸಿತ್ತು, ಈಗಿನವರಿಗೆ ಮೊಬೈಲೇ ಲೋಕ. ಈ ಉತ್ತರ ತಪ್ಪು ಎಂಬುದು ನನ್ನ ವಾದ. ಜನರ ಮನಸ್ಸು ಸಣ್ಣದಾಗಿಲ್ಲ. ಕೆರೆ ಕಾಯುವ ಹೊಣೆಯನ್ನು ಊರಿನ ತಲೆಗೆ ಬಿಟ್ಟು, ಆ ಕೆರೆಯಿಂದ ಬರುವ ನೀರು, ಗೋಡು, ಮೀನುಗಳ ಬಗ್ಗೆ ತೀರ್ಮಾನಿಸುವ ಹಕ್ಕನ್ನು ಒಂದೊಂದಾಗಿ ಊರಿನ ಕೈಯಿಂದ ತೆಗೆದುಕೊಂಡೆವು. ಸ್ವಯಂಸೇವಕರು ಕರಗಿದ್ದು ಅಲ್ಲಿಂದ.

ಈ ಸೀಮೆಯಲ್ಲಿ ನದಿ ಸಂರಕ್ಷಣೆ ಎಂದರೆ ಬಹುಪಾಲು ಕೆರೆ ಸಂರಕ್ಷಣೆಯೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬಾಬಾಬುಡನ್‌ಗಿರಿ ತಪ್ಪಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರದಲ್ಲಿ ನಿಂತು, ಹಿರಿಯೂರು ದಾಟಿ, ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ಹೋಗುವ ಈ ಹೊಳೆ ಚಳ್ಳಕೆರೆಯ ಪಾಲಿಗೆ ವರ್ಷದ ಬಹುಕಾಲ ಬರೀ ಮರಳಿನ ಹಾಸು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಮೊಳಕಾಲ್ಮೂರಿನ ಜಿನಗಿ ಹಳ್ಳಕ್ಕೆ ರಂಗಯ್ಯನದುರ್ಗದಲ್ಲಿ ಅಣೆಕಟ್ಟೆಯಿದೆ, ಆದರೆ ಆ ಹಳ್ಳವೂ ಮಳೆಯನ್ನೇ ನಂಬಿಕೊಂಡದ್ದು. ಮೂರು ತಲೆಮಾರು ತುಂಬಿ ಹರಿಯದ ಹೊಳೆಯನ್ನು ಉಳಿಸಿ ಎಂದು ಯುವಕರನ್ನು ಕರೆದರೆ ಅವರು ಮಾಡಬೇಕಾದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕೆರೆಯಲ್ಲಾದರೆ ಏರಿ, ತೂಬು, ಕೋಡಿ, ಕಾಲುವೆ ಎಲ್ಲಕ್ಕೂ ಋತುವಿಗೆ ತಕ್ಕ ಕೆಲಸವಿದೆ.

ಹಿಂದೆ ಆ ಕೆಲಸ ಯಾರು ಮಾಡುತ್ತಿದ್ದರು? ಸೇವಾಭಾವದಿಂದ ಮಾಡುತ್ತಿದ್ದರು ಎಂಬುದು ಅರ್ಧ ಸತ್ಯ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರು ಈ ಬರಸೀಮೆಯಲ್ಲಿ ಕೆರೆ ಕಟ್ಟಿಸಿದರು ಎಂದು ಜನ ಇಂದಿಗೂ ನೆನೆಯುತ್ತಾರೆ. ಮಾಡಿದ ದುಡಿಮೆಗೆ ತಕ್ಕಷ್ಟೇ ಪ್ರತಿಫಲ ಎಂಬುದು ಅವರ ಹೆಸರಿನೊಂದಿಗೆ ಬೆಸೆದುಕೊಂಡ ತತ್ವ. ಕೆರೆ ಕಟ್ಟಿಸಿದವರಿಗೆ, ಕೆಟ್ಟದ್ದನ್ನು ರಿಪೇರಿ ಮಾಡಿಸಿದವರಿಗೆ ಕಟ್ಟುಗೊಡಗೆ, ದಸಬಂದ ಎಂಬ ಹೆಸರಿನಲ್ಲಿ ಕಂದಾಯವಿಲ್ಲದ ಅಥವಾ ಕಡಿಮೆ ಕಂದಾಯದ ಭೂಮಿ ಸಿಗುತ್ತಿತ್ತು. ತೂಬು ಎತ್ತಿ ಇಳಿಸಿ ಗದ್ದೆಗೆ ಸರದಿ ಪ್ರಕಾರ ನೀರು ಬಿಡುವ ನೀರಗಂಟಿಗೆ ಇನಾಮು ಹೊಲ ಇರುತ್ತಿತ್ತು, ಸುಗ್ಗಿಯಲ್ಲಿ ರೈತರಿಂದ ಕಾಳು ಬರುತ್ತಿತ್ತು. ಅಚ್ಚುಕಟ್ಟಿನ ರೈತರು ಏರಿಗೆ ಮಣ್ಣು ಹೊತ್ತದ್ದು ತಮ್ಮದೇ ಗದ್ದೆಗೆ ನೀರು ಬರಲೆಂದು. ಈ ಏರ್ಪಾಡನ್ನು ಚಿನ್ನದ ಕಾಲವೆಂದು ಹೊಗಳಲು ನನಗೆ ಮನಸ್ಸಿಲ್ಲ. ಇದರಲ್ಲಿ ಬಿಟ್ಟಿ ದುಡಿಮೆಯಿತ್ತು, ಜಾತಿಯ ಕಟ್ಟಿತ್ತು, ನೀರಗಂಟಿಯ ಕೆಲಸ ಹುಟ್ಟಿನಿಂದ ಕೊರಳಿಗೆ ಬೀಳುತ್ತಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯ ಮೂಲಕ ರದ್ದು ಮಾಡಿದ್ದು ನ್ಯಾಯವೇ. ಆದರೆ ಆ ಹುದ್ದೆ ಹೋದ ಜಾಗದಲ್ಲಿ ಕೆಲಸಕ್ಕೆ ತಕ್ಕ ಫಲ ಕೊಡುವ ಬೇರೆ ಏರ್ಪಾಡು ಬರಲಿಲ್ಲ. ಅಚ್ಚುಕಟ್ಟಿನ ವಿಸ್ತಾರ ನೋಡಿ ದೊಡ್ಡ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕ ಕೆರೆ ಪಂಚಾಯಿತಿಗೆ ಎಂದು ಹಂಚಿಹೋಯಿತು. ಅಷ್ಟರಲ್ಲಿ ಕೊಳವೆಬಾವಿ ಬಂತು. ತನ್ನ ಹೊಲದಲ್ಲೇ ನೀರು ಸಿಕ್ಕ ರೈತನಿಗೆ ತೂಬಿನ ಸರದಿಯ ಹಂಗಿಲ್ಲ. ತನ್ನ ಕೊಳವೆಬಾವಿಗೆ ಜೀವ ಕೊಡುವುದು ಕೆರೆಯಲ್ಲಿ ಇಂಗಿದ ನೀರೇ ಎಂದು ಅವನಿಗೆ ಗೊತ್ತಿದ್ದರೂ, ಆ ಇಂಗಿದ ನೀರಿಗೆ ಸರದಿಯೂ ಇಲ್ಲ, ಪಾಲೂ ಇಲ್ಲ, ಅದನ್ನು ಹಂಚುವ ಸಭೆಯೂ ಇಲ್ಲ.

ಸರ್ಕಾರ ಸುಮ್ಮನೆ ಕೂತಿತ್ತು ಎನ್ನುವಂತಿಲ್ಲ. ವಿಶ್ವಬ್ಯಾಂಕ್ ನೆರವಿನಲ್ಲಿ 2002ರಲ್ಲಿ ಆರಂಭವಾದ, ಜಲ ಸಂವರ್ಧನೆ ಯೋಜನಾ ಸಂಘ ನಡೆಸಿದ ಕೆರೆ ಅಭಿವೃದ್ಧಿ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಯೂ ಇತ್ತು. ಕೆರೆಗೊಂದು ಬಳಕೆದಾರರ ಸಂಘ, ಅದರಲ್ಲಿ ಮಹಿಳೆಯರಿಗೂ ಭೂಮಿ ಇಲ್ಲದವರಿಗೂ ಜಾಗ, ಊರಿನವರ ವಂತಿಗೆ ಎಂಬ ಅದರ ಕಲ್ಪನೆ ಒಳ್ಳೆಯದೇ. ಹೂಳು ತೆಗೆಯುವ, ಏರಿ ಗಟ್ಟಿ ಮಾಡುವ ಕೆಲಸ ನಡೆಯುವಷ್ಟು ದಿನ ಸಂಘದಲ್ಲಿ ಸಭೆ ಇತ್ತು, ಜಗಳ ಇತ್ತು, ಲೆಕ್ಕಪತ್ರ ಇತ್ತು. 2012ರಲ್ಲಿ ಯೋಜನೆ ಮುಗಿದ ಮೇಲೆ ಎಷ್ಟೋ ಕಡೆ ಉಳಿದದ್ದು ನಾಮಫಲಕ. ಸಂಘದ ಪಾಲಿಗೆ ಬಂದದ್ದು ನಿರ್ವಹಣೆಯ ಜವಾಬ್ದಾರಿ. ಅದಕ್ಕೆ ವರ್ಷವರ್ಷ ಬೇಕಾದ ಹಣ ಎಲ್ಲಿಂದ ಬರಬೇಕೆಂಬುದು ಇತ್ಯರ್ಥವಾಗಲಿಲ್ಲ. ಬತ್ತಿದ ಕೆರೆಯ ಅಚ್ಚುಕಟ್ಟಿನಲ್ಲಿ ನೀರಿನ ಕರ ಎತ್ತುವುದು ಆಗದ ಮಾತು.

ಬಯಲುಸೀಮೆಯ ಕೆರೆಗೆ ಇವತ್ತು ನಗದು ತರುವ ಆದಾಯವೆಂದರೆ ಮುಖ್ಯವಾಗಿ ಮೀನು. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಚಿಕ್ಕ ಕೆರೆಗಳದ್ದನ್ನು ಗ್ರಾಮ ಪಂಚಾಯಿತಿ ಹರಾಜು ಹಾಕುತ್ತದೆ. ಹಿಂಗಾರಿನಲ್ಲಿ ನೀರು ನಿಂತ ಮೇಲೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ಬಿಟ್ಟರೆ ಬೇಸಿಗೆಯಲ್ಲಿ ನೀರು ತಳ ಕಾಣುವ ಹೊತ್ತಿಗೆ ಬಲೆ ಹಾಕಬಹುದು. ಇಲ್ಲಿ ಒಂದು ಸಣ್ಣ ವಸ್ತುವನ್ನು ಹತ್ತಿರದಿಂದ ನೋಡಬೇಕು. ಬಿಟ್ಟ ಮರಿ ಕೋಡಿ ನೀರಿನೊಂದಿಗೆ ಹೊರಟುಹೋಗದಿರಲೆಂದು ಗುತ್ತಿಗೆದಾರರು ಕೋಡಿಗೆ ಅಡ್ಡವಾಗಿ ಕಬ್ಬಿಣದ ಜಾಲರಿಯನ್ನೋ ಹಳೆ ಬಲೆಯನ್ನೋ ಕಟ್ಟುತ್ತಾರೆ. ಜೋರು ಮಳೆ ಬಂದ ರಾತ್ರಿ ಹಳ್ಳದಿಂದ ಜಾಲಿ ಕೊಂಬೆ, ಶೇಂಗಾ ಬಳ್ಳಿ, ಪ್ಲಾಸ್ಟಿಕ್ ಚೀಲ ತೇಲಿಬಂದು ಅದಕ್ಕೆ ಮೆತ್ತಿಕೊಳ್ಳುತ್ತವೆ. ಕೋಡಿಯ ಬಾಯಿ ಕಟ್ಟುತ್ತದೆ, ನೀರು ಏರಿಯ ಮಟ್ಟಕ್ಕೆ ಏರುತ್ತದೆ. ಆ ಕತ್ತಲಲ್ಲಿ ಹೋಗಿ ಜಾಲರಿ ಬಿಚ್ಚುವವರು ಯಾರು? ಮೀನಿನವನಿಗೆ ಏರಿ ಒಡೆದರೆ ಒಂದು ವರ್ಷದ ಲಾಭ ಹೋಗುತ್ತದೆ, ಊರಿಗೆ ಕೆರೆಯೇ ಹೋಗುತ್ತದೆ. ಆದರೂ ಜಾಲರಿ ಅವನದು, ಅದರ ಕಸ ಊರಿನದು. ಬೇಸಿಗೆಯಲ್ಲೂ ಇದೇ ತಕರಾರು: ತೋಟದವರು ತೂಬು ಎತ್ತು ಎನ್ನುತ್ತಾರೆ, ಮೀನಿನವರು ಇನ್ನೊಂದು ತಿಂಗಳು ನೀರು ನಿಲ್ಲಲಿ ಎನ್ನುತ್ತಾರೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಮಾತಾಡುವ ಜಾಗವೇ ಇಲ್ಲದಿರುವಾಗ ಕೆರೆ ಸಮಿತಿಯ ಸಭೆಗೆ ಯಾಕೆ ಬರಬೇಕು?

ಜನರಿಗೆ ಆಸಕ್ತಿಯೇ ಇಲ್ಲ ಎನ್ನುವವರು ಇದೇ ನೆಲದ ಎರಡು ಸಂಗತಿಗಳನ್ನು ಗಮನಿಸಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಕುರಿ, ದನ ಮೇಯಿಸುವ ಹಳ್ಳಿಗಳ ಜನ ವರ್ಷಗಟ್ಟಲೆ ಹೋರಾಡಿದರು, ವಿಷಯ 2013ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಅವರಿಗೆ ಯಾರೂ ದಿನಗೂಲಿ ಕೊಟ್ಟಿರಲಿಲ್ಲ. ಹುಲ್ಲು ಅವರ ಬದುಕಾಗಿತ್ತು, ಅಷ್ಟೇ. ಎರಡನೆಯದು ಪ್ರತಿ ಬೇಸಿಗೆ ಕಾಣುವಂಥದ್ದು. ಒಣಗಿದ ಕೆರೆಯಿಂದ ಶೇಂಗಾ ಹೊಲಕ್ಕೆ ಗೋಡು ಹೊಡೆಯಲು ಅವಕಾಶವಿರುವ ಕಡೆ ರೈತರು ತಮ್ಮ ಖರ್ಚಿನಲ್ಲೇ ಟ್ರ್ಯಾಕ್ಟರ್ ತರುತ್ತಾರೆ. ಹೂಳೆತ್ತುವ ಶ್ರಮದಾನಕ್ಕೆ ಬಾರದವರೂ ಇಲ್ಲಿರುತ್ತಾರೆ. ಕೆಲಸ ಒಂದೇ, ಫಲ ಮನೆಗೆ ಬರುತ್ತದೆಯೇ ಎಂಬುದಷ್ಟೇ ವ್ಯತ್ಯಾಸ.

ಫಲಕ್ಕಾಗಿ ಮಾಡಿದರೆ ಅದು ಸ್ವಯಂಸೇವೆ ಹೇಗಾದೀತು, ಉದ್ಯೋಗ ಖಾತ್ರಿಯ ಕೂಲಿ ಇದೆಯಲ್ಲ, ಅದರಲ್ಲೇ ಮಾಡಿಸಿದರಾಯಿತು ಎಂಬ ಆಕ್ಷೇಪ ಬರಬಹುದು. 2024-25ರಲ್ಲಿ ದಿನಕ್ಕೆ 349 ರೂಪಾಯಿ ಇದ್ದ ಆ ಕೂಲಿಗೆ ಹೂಳು ತೆಗೆಸಬಹುದು, ಕಾಲುವೆ ತೋಡಿಸಬಹುದು. ಆದರೆ ಏಡಿ ಕೊರೆದ ಬಿಲದಿಂದ ಏರಿಯ ಹಿಂಬದಿಗೆ ನೀರು ಜಿನುಗುವುದನ್ನು ಕಂಡು ಅವತ್ತೇ ಮಣ್ಣು ತುಂಬುವ ಕೆಲಸಕ್ಕೆ ಅಂದಾಜುಪಟ್ಟಿ ಬರೆಯಲಾಗದು. ಕಾವಲು ಬೇಕಾದದ್ದು ಅಳತೆಗೆ ಸಿಗದ ಇಂಥ ಹೊತ್ತಿನಲ್ಲಿ, ಆ ಕಾವಲು ಬರುವುದು ಇದು ನಮ್ಮದು ಎಂಬ ಭಾವನೆಯಿಂದ. ನಮ್ಮದು ಅನ್ನಿಸಬೇಕಾದರೆ ಅದರಲ್ಲಿ ನಮ್ಮದು ಏನಾದರೂ ಇರಬೇಕು. ಕಾವೇರಿಯ ಬಿಳಿಮೀನಿನ (ಮಹಶೀರ್) ಕಥೆಯೂ ಇದನ್ನೇ ಹೇಳುತ್ತದೆ. 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ದಕ್ಷಿಣ ಭಾರತ ವನ್ಯಜೀವಿ ಸಂಘದ ಗಾಳಪ್ರಿಯರು ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಾ, ಸಿಡಿಮದ್ದು ಹಾಕುವವರಿಂದ ಅದನ್ನು ಕಾಯ್ದರು. ಅಲ್ಲಿನ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತ ಮೇಲೆ ಕಾವಲೂ ತೆಳುವಾಯಿತೆಂದು ಅವರ ಅಳಲು. ಆ ಮೀನು 2018ರಲ್ಲಿ ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅಂಚಿನ ಪ್ರಭೇದವೆಂದು ದಾಖಲಾಯಿತು. ಅಭಯಾರಣ್ಯಕ್ಕೆ ಅದರದೇ ಕಟ್ಟುನಿಟ್ಟು ಇರಲೇಬೇಕು, ನಿಜ. ಚಳ್ಳಕೆರೆಯ ಕೆರೆಗೆ ಆ ಅಡ್ಡಿ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ಮೀನಿನ ಹಣ ಊರಿನ ಸಮಿತಿಗೆ ಬಂದರೆ ಉಳ್ಳವರು ಅದನ್ನು ನುಂಗುತ್ತಾರೆ, ಬಲೆಯನ್ನೇ ನಂಬಿದ ಗಂಗಾಮತಸ್ಥ, ಬೆಸ್ತ ಕುಟುಂಬಗಳು ಬೀದಿಗೆ ಬರುತ್ತವೆ. ಈ ಭಯಕ್ಕೆ ಆಧಾರವಿದೆ, ಆದ್ದರಿಂದಲೇ ಮೀನಿನ ಹಕ್ಕನ್ನು ಮೀನುಗಾರರಿಂದ ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹಿಡಿಯುವ ಹಕ್ಕು ಅವರ ಸಹಕಾರ ಸಂಘಕ್ಕೇ ಇರಲಿ. ಗುತ್ತಿಗೆಯ ಹಣದಲ್ಲಿ ಒಂದು ಪಾಲು ಇಲಾಖೆಯ ಖಾತೆಗೆ ಹೋಗುವ ಬದಲು ಅದೇ ಕೆರೆಯ ಹೆಸರಿನ ಖಾತೆಗೆ ಬೀಳಲಿ. ಆ ಖಾತೆಯ ಸಮಿತಿಯಲ್ಲಿ ಮೀನುಗಾರರು, ಅಚ್ಚುಕಟ್ಟಿನವರು, ಕುರಿಗಾಹಿಗಳು, ಕೆರೆ ಕೆಳಗಿನ ಕೊಳವೆಬಾವಿಯವರು ಎಲ್ಲರೂ ಇರಲಿ, ವರ್ಷಕ್ಕೊಮ್ಮೆ ಲೆಕ್ಕ ಗ್ರಾಮಸಭೆಯಲ್ಲಿ ಓದಲಿ. ನುಂಗುವವರು ಇವತ್ತಿನ ಹರಾಜಿನಲ್ಲೂ ಇದ್ದಾರೆ. ಊರಿನ ಎದುರು ಓದುವ ಲೆಕ್ಕದಲ್ಲಿ ಅವರನ್ನು ಹಿಡಿಯುವುದು ಸುಲಭ.

ಕಾಲ ಕೂಡಿಬಂದಿದೆ ಎಂಬ ಕಾರಣಕ್ಕೆ ಇದನ್ನು ಈಗಲೇ ಹೇಳಬೇಕಾಗಿದೆ. 29.90 ಟಿಎಂಸಿ ನೀರಿನ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಾಲ್ಕು ಜಿಲ್ಲೆಗಳ 367 ಕೆರೆಗಳನ್ನು ತುಂಬಿಸುವ ಉದ್ದೇಶವಿದೆ. ನೀರು ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಈ ತಾಲ್ಲೂಕುಗಳಲ್ಲಿ ಆಳವಾಗಿದೆ, ದಶಕಗಳ ಬರ ಕಂಡವರಲ್ಲಿ ಅದು ಸಹಜವೂ ಹೌದು. ಆದರೆ ವರ್ಷವರ್ಷ ತುಂಬುವ ಕೆರೆಯ ಮೀನಿಗೆ ಬೆಲೆ ಹೆಚ್ಚು, ಹರಾಜಿಗೆ ಹೊರಗಿನ ಪೈಪೋಟಿ ಹೆಚ್ಚು, ಏರಿಯ ಮೇಲೆ ಒತ್ತಡವೂ ಹೆಚ್ಚು. ಒಮ್ಮೆ ದೊಡ್ಡ ಮೊತ್ತದ ಗುತ್ತಿಗೆಗಳು ಬೇರೂರಿದ ಮೇಲೆ ಪಾಲು ಕೇಳಲು ಹೊರಟರೆ ಅದು ಕೋರ್ಟು ಕಚೇರಿಯ ಕೆಲಸವಾಗುತ್ತದೆ. ಕೋಡಿಯ ಜಾಲರಿ ಬಿಚ್ಚುವ ಹೊಣೆ ಯಾರದು, ಬೇಸಿಗೆಯಲ್ಲಿ ಎಷ್ಟು ನೀರು ಉಳಿಸಬೇಕು, ಮೀನಿನ ಹಣದಲ್ಲಿ ಏರಿಗೆ ಎಷ್ಟು – ಈ ಮೂರು ಷರತ್ತುಗಳನ್ನು ಮುಂದಿನ ಗುತ್ತಿಗೆ ಪತ್ರದಲ್ಲೇ ಬರೆಸಿಕೊಳ್ಳಲು ಪಂಚಾಯಿತಿ ಸದಸ್ಯರು ಇಲಾಖೆಯ ಬಾಗಿಲು ತಟ್ಟಬೇಕು, ಅದೂ ಕಾಲುವೆಯ ನೀರು ಮೊದಲ ಕೆರೆಗೆ ಬೀಳುವ ಮುಂಚೆ.