ವಿದ್ಯಾರ್ಥಿಗಳ ಬರಹಕ್ಕೆ ಓದುಗರು ಬೇಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದನ್ನು ವಾಚಕರು ಬಲ್ಲರು. ಇಲ್ಲಿಯ ಮಕ್ಕಳು ಹತ್ತು ವರ್ಷ ಬರೆಯುವುದೆಲ್ಲ ಬಹುಮಟ್ಟಿಗೆ ಪರೀಕ್ಷಕನೊಬ್ಬನಿಗಾಗಿ. ಅವನಿಗೋ ಉತ್ತರವು ಮೊದಲೇ ಗೊತ್ತು! ತಿಳಿಯದವನಿಗೆ ತಿಳಿಯಹೇಳುವ ಅಭ್ಯಾಸವೇ ಇಲ್ಲದ ಮೇಲೆ ಭಾಷೆಯು ಬಲಿಯುವುದೆಂತು?

ಪ್ರೌಢಶಾಲೆಗೊಂದು ಭಿತ್ತಿಪತ್ರಿಕೆಯಿರಲಿ; ಅನುಕೂಲವಿದ್ದೆಡೆ ಅದೇ ಬರಹಗಳು ಅಂತರ್ಜಾಲಕ್ಕೂ ಏರಲಿ. ವಿಷಯಕ್ಕೆ ಬರವಿಲ್ಲ. ಪಾವಗಡದ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುದಾಗರವು ನಿಂತಿದೆ. ಆ ಹೊಲಗಳಲ್ಲಿ ಹಿಂದೆ ಏನು ಬೆಳೆಯುತ್ತಿತ್ತು, ಗುತ್ತಿಗೆಯ ಹಣವು ಯಾರ ಕೈ ಸೇರಿತು, ಹೊಲವಿಲ್ಲದ ಕೂಲಿಕಾರನು ಎತ್ತ ಹೋದನು—ಇದನ್ನು ಆ ಊರಿನ ಬಾಲಿಕೆಯಲ್ಲದೆ ಮತ್ತಾರು ಮನೆಮನೆಗೆ ಹೋಗಿ ಕೇಳಿಯಾರು? ಆಕೆ ಅಂಕಿಯೊಂದನ್ನು ತಪ್ಪಿ ಬರೆದರೆ ನೆರೆಮನೆಯ ರೈತನೇ ತಿದ್ದುವನು. ಕೆಂಪು ಮಸಿಗಿಂತ ಆ ತಿದ್ದುಪಡಿಯೇ ಮನಸ್ಸಿನಲ್ಲಿ ನಿಲ್ಲುವುದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದುಹೋಗುವ ಜಯಮಂಗಲಿಯ ಕಥೆಯನ್ನು ಎರಡೂ ತಾಲ್ಲೂಕುಗಳ ಶಾಲೆಗಳು ಹಂಚಿಕೊಂಡು ಬರೆಯಬಹುದು.

ಉಪಾಧ್ಯಾಯರಿಗೆ ಹೊರೆಯಾಗುವುದೆಂಬ ಆಕ್ಷೇಪವು ನಿಜ. ಫಲಿತಾಂಶದ ಶೇಕಡಾವಾರನ್ನೇ ಕೇಳುವ ಅಧಿಕಾರಿಗಳು ವಾರಕ್ಕೊಂದು ಅವಧಿಯನ್ನು ಇದಕ್ಕೆ ಬಿಟ್ಟುಕೊಡುವರೇ? ಅದನ್ನು ಕೊಡದೆ ಬರಿಯ ಸುತ್ತೋಲೆ ಹೊರಡಿಸಿದರೆ, ತಪಾಸಣೆಯ ಹಿಂದಿನ ದಿನ ಉಪಾಧ್ಯಾಯರೇ ಬರೆದು ಗೋಡೆಗೆ ಅಂಟಿಸುವರು.