ಗಾಜಿನ ತೊಟ್ಟಿಯ ಕ್ರೇಫಿಶ್ ಗದ್ದೆಗೆ ಇಳಿಯದಿರಲಿ

ಬಂದಳಿಕೆಗೆ ಬರುವವರು ತ್ರಿಮೂರ್ತಿ ನಾರಾಯಣ ದೇವಾಲಯವನ್ನೂ ಶಾಂತಿನಾಥ ಬಸದಿಯನ್ನೂ ನೋಡಿಕೊಂಡು ಹೋಗುತ್ತಾರೆ. ಬೇಸಾಯ ಶಾಸ್ತ್ರ ಓದಿದ ನನ್ನಂಥವನ ಕಣ್ಣು ಸುತ್ತಲಿನ ಕೆರೆ, ಗದ್ದೆ, ಬದುಗಳ ಮೇಲೆಯೇ ನಿಲ್ಲುತ್ತದೆ. ಕಳೆದ ಮುಂಗಾರಿನಲ್ಲಿ ಆ ಕಡೆ ಭತ್ತದ ಸಸಿಮಡಿ ನೋಡಲು ಹೋದಾಗ ರೈತರೊಬ್ಬರು ಗದ್ದೆಗೆ ಕರೆದೊಯ್ಯುವ ಮೊದಲು ಮನೆಯ ಪಡಸಾಲೆಗೆ ಕರೆದರು. ಅಲ್ಲಿ ಅವರ ಮಗ ಪೇಟೆಯಿಂದ ತಂದಿಟ್ಟಿದ್ದ ಗಾಜಿನ ತೊಟ್ಟಿ, ಅದರೊಳಗೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆಯ ಕೆಂಪು ಪ್ರಾಣಿಯೊಂದು. ಮೈ ಸಿಗಡಿಯದು, ಮುಂಗೈ ಏಡಿಯದು.

"ಸಾರ್, ಇದು ಮರಿ ಮಾಡಿದರೆ ಕೆರೆಗೆ ಬಿಡೋಣ ಅಂತಾನೆ ಹುಡುಗ. ತಿನ್ನೋಕೂ ಆಗುತ್ತಂತೆ, ಮಾರೋಕೂ ಆಗುತ್ತಂತೆ. ಬಿಡಬಹುದಾ?" ಎಂದು ಕೇಳಿದರು.

ಅದು ಕ್ರೇಫಿಶ್. ಹೆಸರಿನಲ್ಲಿ ಫಿಶ್ ಇದ್ದರೂ ಮೀನಲ್ಲ, ಏಡಿ ಸಿಗಡಿಗಳ ಬಳಗದ್ದು. ನಮ್ಮ ದೇಶದ ಹೊಳೆ ಕೆರೆಗಳಲ್ಲಿ ಇದು ಹುಟ್ಟಿ ಬೆಳೆದದ್ದಿಲ್ಲ. ಆದ್ದರಿಂದಲೇ ಕನ್ನಡದಲ್ಲಿ ಇದಕ್ಕೊಂದು ಹೆಸರೂ ಇಲ್ಲ. ಕೆಂಪು ಜಾತಿಯ ತವರು ಅಮೆರಿಕದ ದಕ್ಷಿಣ ಭಾಗ ಮತ್ತು ಮೆಕ್ಸಿಕೋದ ಈಶಾನ್ಯ ಭಾಗ. ಅಲಂಕಾರಿಕ ಮೀನಿನ ವ್ಯಾಪಾರದ ಜೊತೆ ಅದು ಇಲ್ಲಿಗೆ ಬಂದಿದೆ. ಮನೆಯಲ್ಲಿ ಸಾಕಬಹುದೇ ಎಂದರೆ, ಕಟ್ಟುನಿಟ್ಟಿನಿಂದ ಸಾಕಬಹುದು. ಕೆರೆಗೆ ಬಿಡಬಹುದೇ ಎಂದರೆ, ಒಂದನ್ನೂ ಬಿಡಕೂಡದು. ಎರಡನ್ನೂ ವಿವರವಾಗಿ ಹೇಳುತ್ತೇನೆ.

ತೊಟ್ಟಿಯ ಏರ್ಪಾಡು

ಒಂದು ಪ್ರಾಣಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸಾಕು. ಅದರಲ್ಲಿ ಒಂಬತ್ತು ಅಂಗುಲ ನೀರು ನಿಲ್ಲಿಸಿದರೆ ಸುಮಾರು ೪೦ ಲೀಟರ್ ಆಗುತ್ತದೆ. ಇದು ತಳದಲ್ಲಿ ನಡೆದಾಡುವ ಪ್ರಾಣಿಯಾದ್ದರಿಂದ ನೀರಿನ ಆಳಕ್ಕಿಂತ ತಳದ ವಿಸ್ತಾರ ಮುಖ್ಯ. ಎರಡನ್ನು ಒಟ್ಟಿಗೆ ಇಟ್ಟರೆ ಕಾದಾಡುತ್ತವೆ. ಒಂದು ಪೊರೆ ಬಿಟ್ಟು ಮೆತ್ತಗಿರುವಾಗ ಇನ್ನೊಂದು ಅದನ್ನು ತಿಂದುಹಾಕುತ್ತದೆ. ತೊಟ್ಟಿಯನ್ನು ಸಮತಟ್ಟಾದ ಹಲಗೆಯ ಮೇಲೆ, ಬಿಸಿಲು ನೇರವಾಗಿ ಬೀಳದ ಕಡೆ ಇಡಬೇಕು. ತಳಕ್ಕೆ ಚೆನ್ನಾಗಿ ತೊಳೆದ ಹೊಳೆಯ ಸಣ್ಣ ಜಲ್ಲಿ ಒಂದೂವರೆ ಅಂಗುಲ ಹರಡಿದರಾಯಿತು.

ಅಡಗಿಕೊಳ್ಳಲು ಜಾಗವಿಲ್ಲದಿದ್ದರೆ ಅದು ಬಾಳುವುದಿಲ್ಲ. ಒಡೆದ ಮಂಗಳೂರು ಹೆಂಚು, ಮಡಕೆಯ ಚೂರು, ಎರಡು ಅಂಗುಲದ ಪಿ.ವಿ.ಸಿ. ಪೈಪಿನ ತುಂಡು, ಯಾವುದಾದರೂ ಆದೀತು. ಆದರೆ ತೋಟದ ಮೂಲೆಯಲ್ಲಿ ಬಿದ್ದಿರುವ ಪೈಪು, ಡ್ರಮ್ಮು, ಬಕೆಟ್ಟುಗಳನ್ನು ತರಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಮೈಲುತುತ್ತವೆಂದರೆ ತಾಮ್ರ, ಏಡಿ, ಸಿಗಡಿ, ಕ್ರೇಫಿಶ್‌ಗಳಿಗೆ ತಾಮ್ರ ಸ್ವಲ್ಪವಾದರೂ ವಿಷವೇ. ಇದೇ ಕಾರಣದಿಂದ ತಾಮ್ರದ ಕೊಡದ ನೀರೂ ಬೇಡ. ಕೀಟನಾಶಕ ಹೊಡೆದ ಕೈಯನ್ನು ತೊಟ್ಟಿಗೆ ಹಾಕುವುದಾಗಲಿ, ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆ ಔಷಧ ಸಿಂಪಡಿಸುವುದಾಗಲಿ ಕೂಡದು.

ಮುಚ್ಚಳದ ವಿಷಯದಲ್ಲಿ ಸಡಿಲ ಬೇಡ. ಗಾಳಿಯ ಕೊಳವೆಯನ್ನು ಹಿಡಿದು ಹತ್ತಿ ಹೊರಬರುವುದು ಇದಕ್ಕೆ ಸುಲಭ. ಮೈ ಒದ್ದೆಯಿದ್ದರೆ ನೀರಿನ ಹೊರಗೆ ಗಂಟೆಗಟ್ಟಲೆ ಬದುಕುತ್ತದೆ, ಮಳೆಗಾಲದ ರಾತ್ರಿಯಲ್ಲಿ ನೆಲದ ಮೇಲೆ ನಡೆದೇ ಹೋಗುತ್ತದೆ. ತಂತಿಬಲೆಯ ಮುಚ್ಚಳ ಹಾಕಿ ಮೇಲೊಂದು ಕಲ್ಲು ಹೇರಿ. ಕೊಳವೆ ಹೋಗುವ ಸಂದನ್ನೂ ಬಿಗಿ ಮಾಡಿ.

ನೀರು ಹದಕ್ಕೆ ಬರುವ ತನಕ

ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಬೇಕು. ಬಾವಿಯ ನೀರು ಒಳ್ಳೆಯದು, ಆದರೆ ಮಲೆನಾಡಿನ ಬಾವಿಗಳ ನೀರಿನಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಕಡಿಮೆ. ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕೇ ಬೇಕು. ಕಪ್ಪೆಚಿಪ್ಪಿನ ನಾಲ್ಕು ಚೂರು ಅಥವಾ ತೊಳೆದ ಮೊಟ್ಟೆಯ ಸಿಪ್ಪೆಯನ್ನು ತೊಟ್ಟಿಯಲ್ಲಿ ಬಿಟ್ಟರೆ ಅದು ನಿಧಾನವಾಗಿ ಕರಗುತ್ತಿರುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕಿದ ಅಭ್ಯಾಸದಿಂದ ಸುಟ್ಟ ಸುಣ್ಣವನ್ನೇ ಹಾಕಿಬಿಟ್ಟೀರಿ, ನೀರು ಕ್ಷಾರವೇರಿ ಪ್ರಾಣಿ ಸಾಯುತ್ತದೆ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಇಂದು ನೀರು ತುಂಬಿ ಇಂದೇ ಪ್ರಾಣಿ ಬಿಡುತ್ತಾರೆ. ಹೊಲಕ್ಕೆ ಯೂರಿಯಾ ಹಾಕಿದಾಗ ಏನಾಗುತ್ತದೆಂದು ನಿಮಗೆ ಗೊತ್ತು: ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯಾ, ಬಳಿಕ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ತೊಟ್ಟಿಯಲ್ಲಿ ನಡೆಯುವುದೂ ಅದೇ. ಪ್ರಾಣಿಯ ಹೊಲಸು, ಉಳಿದ ಮೇವು ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ಕೆಡುಕಲ್ಲ. ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಜಲ್ಲಿಯಲ್ಲೂ ಸೋಸುವ ಸ್ಪಂಜಿನಲ್ಲೂ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಗಾಳಿಯ ಪಂಪು, ಸ್ಪಂಜು ಓಡಿಸುತ್ತ ದಿನಕ್ಕೊಂದು ಚಿಟಿಕೆ ಮೀನಿನ ಮೇವು ಹಾಕುತ್ತಿರಿ. ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ಬೆಳೆದ ಜೀವಿಗಳೆಲ್ಲ ಹೋದವು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಮೇವಿಗೆ ದುಡ್ಡು ಸುರಿಯಬೇಕಿಲ್ಲ. ಔಷಧ ಹೊಡೆಯದ ಹಿತ್ತಿಲಿನ ಸೊಪ್ಪು, ಬೇಯಿಸಿದ ಅವರೆಕಾಳು, ಆಗೊಮ್ಮೆ ಈಗೊಮ್ಮೆ ಮೀನಿನ ಚೂರು ಕೊಡಿ. ಸಂಜೆ ಕಾಳಿನ ಗಾತ್ರದಷ್ಟು ಹಾಕಿ, ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ. ಒಂದು ದಿನ ತಳದಲ್ಲಿ ಖಾಲಿ ಚಿಪ್ಪು ಕಂಡರೆ ಸತ್ತಿತೆಂದು ಮಕ್ಕಳು ಅಳುವುದುಂಟು. ಅದು ಪೊರೆ ಬಿಟ್ಟಿರುತ್ತದೆ. ಚಿಪ್ಪನ್ನು ತೆಗೆಯಬೇಡಿ, ಸುಣ್ಣಕ್ಕಾಗಿ ಅದೇ ಮತ್ತೆ ತಿನ್ನುತ್ತದೆ.

ಗದ್ದೆಗೆ ಬಿಟ್ಟರೆ ಏನು?

ಆ ರೈತರ ಮಗ ಚುರುಕು. "ಅಮೆರಿಕದಲ್ಲಿ ಭತ್ತದ ಗದ್ದೆಯಲ್ಲೇ ಸಾಕ್ತಾರಲ್ಲ ಸಾರ್?" ಎಂದ. ನಿಜ. ಲೂಯಿಸಿಯಾನಾದಲ್ಲಿ ಭತ್ತದ ಜೊತೆ ಸರದಿಯಲ್ಲಿ ಕ್ರೇಫಿಶ್ ಬೆಳೆಯುತ್ತಾರೆ. ಚೀನಾದಲ್ಲಿ ಅದೊಂದು ದೊಡ್ಡ ಉದ್ಯಮ. ಆದರೆ ಲೂಯಿಸಿಯಾನಾ ಅದರ ತವರು. ಅಲ್ಲಿ ಅದನ್ನು ಹತೋಟಿಯಲ್ಲಿಡುವ ಶತ್ರುಗಳೂ ಅದರ ಜೊತೆಗೇ ಬೆಳೆದಿವೆ.

ಸ್ಪೇನಿನವರೂ ಹೀಗೆಯೇ ಆಸೆಪಟ್ಟು ೧೯೭೩ರಲ್ಲಿ ಲೂಯಿಸಿಯಾನಾದಿಂದ ತರಿಸಿದರು. ಅದು ಭತ್ತದ ಬಯಲಿಗೆ ಹರಡಿತು, ಪಕ್ಕದ ಪೋರ್ಚುಗಲ್ಲಿಗೂ ದಾಟಿತು. ಮೊಳಕೆಯೊಡೆದ ಭತ್ತವನ್ನು ತಿನ್ನುವುದು, ಬದುಗಳಲ್ಲಿ ಬಿಲ ತೋಡಿ ನೀರು ಸೋರಿಸುವುದು ಅಲ್ಲಿನ ಬೆಳೆಗಾರರ ದೂರು. ಜಪಾನಿಗೆ ೧೯೨೭ರಲ್ಲಿ ಇದು ಬಂದದ್ದು ಸಾಕಿದ ಕಪ್ಪೆಗಳ ಮೇವಿಗೆಂದು. ಈಗ ಅದು ಆ ದೇಶದ ಕೆರೆ ಕಾಲುವೆಗಳಲ್ಲೆಲ್ಲ ಇದೆ. ೨೦೨೩ರ ಜೂನ್‌ನಿಂದ ಅಲ್ಲಿ ಮನೆಯಲ್ಲಿ ಸಾಕಲು ಅಡ್ಡಿಯಿಲ್ಲ, ಹೊರಗೆ ಬಿಡುವುದು ಮತ್ತು ಮಾರುವುದು ನಿಷಿದ್ಧ. ಇನ್ನೊಂದು ಜಾತಿ ಮಾರ್ಬಲ್ ಕ್ರೇಫಿಶ್. ಅದರಲ್ಲಿ ಗಂಡೇ ಇಲ್ಲ. ಒಂಟಿ ಹೆಣ್ಣು ತಾನೇ ನೂರಾರು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ೧೯೯೦ರ ದಶಕದಲ್ಲಿ ಜರ್ಮನಿಯ ಮನೆತೊಟ್ಟಿಗಳಲ್ಲಿ ಮೊದಲು ಕಂಡ ಈ ಪ್ರಾಣಿ ಇಂದು ಮಡಗಾಸ್ಕರ್ ದ್ವೀಪದ ಭತ್ತದ ಗದ್ದೆಗಳಲ್ಲಿ ತುಂಬಿದೆ. ಒಂದೇ ಒಂದು ತಾನೇ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ನಮ್ಮ ನೆಲದ ಸ್ಥಿತಿ ಇನ್ನೂ ಸೂಕ್ಷ್ಮ. ಶಿಕಾರಿಪುರ, ಸೊರಬದ ಕೆರೆಗಳು ಸರಪಳಿಯಂತೆ ಇವೆ. ಒಂದರ ಕೋಡಿ ಇನ್ನೊಂದಕ್ಕೆ ಬೀಳುತ್ತದೆ. ಆ ನೀರು ಕುಮುದ್ವತಿಯನ್ನೋ ದಂಡಾವತಿ, ವರದೆಯನ್ನೋ ಸೇರಿ ಕೊನೆಗೆ ತುಂಗಭದ್ರೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಸತ್ತೀತು ಎಂದುಕೊಳ್ಳಬೇಡಿ. ತೇವವಿರುವ ಆಳದ ಬಿಲದಲ್ಲಿ ಕುಳಿತು ಮಳೆಗೆ ಕಾಯುವುದು ಅದರ ಸ್ವಭಾವ. ನಮ್ಮ ಗದ್ದೆ ಏಡಿಯ ಬಿಲ ಮುಚ್ಚುವುದಕ್ಕೇ ನಾವು ಸೋತಿದ್ದೇವೆ. ಅಡಿಕೆ ತೋಟದವರಿಗೆ ಆಫ್ರಿಕಾದ ದೊಡ್ಡ ಬಸವನಹುಳು ಗೊತ್ತು. ೧೮೪೭ರಲ್ಲಿ ಬೆನ್ಸನ್ ಎಂಬ ಇಂಗ್ಲಿಷರು ಮಾರಿಷಸ್ಸಿನಿಂದ ಕಲ್ಕತ್ತೆಗೆ ಕುತೂಹಲಕ್ಕೆಂದು ತಂದ ಕೆಲವೇ ಹುಳುಗಳು ಅವು. ಇಂದು ನಾವು ಉಪ್ಪು ಹಿಡಿದು ರಾತ್ರಿ ತೋಟ ಸುತ್ತುತ್ತಿದ್ದೇವೆ.

ಗದ್ದೆ ಕೆರೆಯಿಂದ ಹಣ ಬರಬೇಕೆಂಬ ಆಸೆ ತಪ್ಪಲ್ಲ. ಅದಕ್ಕೆ ಗೆಂಡೆ ಮೀನುಗಳಿವೆ, ನಮ್ಮದೇ ಸಿಹಿನೀರಿನ ದೊಡ್ಡ ಸಿಗಡಿಯಿದೆ. ಈ ಸಿಗಡಿಯ ಎಳೆಮರಿಗಳಿಗೆ ಉಪ್ಪುಮಿಶ್ರಿತ ನೀರು ಬೇಕಾದ್ದರಿಂದ ನಮ್ಮ ಕೆರೆಗಳಲ್ಲಿ ಅದು ತಾನಾಗಿ ಹೆಚ್ಚುವುದಿಲ್ಲ. ಮಕ್ಕಳ ಸಂತೋಷಕ್ಕಾದರೆ, ನನ್ನನ್ನು ಕೇಳಿದರೆ, ಹಳ್ಳದ ಒಂದು ಏಡಿಯನ್ನೇ ಇದೇ ತೊಟ್ಟಿಯಲ್ಲಿಡಿ. ನೀರು ಅರ್ಧ ಇಳಿಸಿ, ಹತ್ತಿ ಕೂರಲು ಕಲ್ಲು ಕೊಟ್ಟರೆ ಆಯಿತು. ಬೇಸರವಾದಾಗ ಹಿಡಿದ ಹಳ್ಳಕ್ಕೇ ಬಿಡಬಹುದು.

ಈಗಾಗಲೇ ಕ್ರೇಫಿಶ್ ತಂದಿರುವವರು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕಷ್ಟೆ. ಹಳೆಯ ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ, ಕಾಲುವೆಗೆ ಹೋಗದ ಒಣ ಜಾಗದಲ್ಲಿ ತೆಂಗಿನ ಬುಡಕ್ಕೆ ಹಾಕಿ. ಬಚ್ಚಲ ಹರಿವಿಗೆ ಬೇಡ. ಬಾಲದ ಅಡಿ ಮೊಟ್ಟೆ ಕಂಡರೆ ಮರಿ ಮಾಡಿಸುವ ಆಸೆ ಬಿಡಿ. ಸಾಕಲು ಮನಸ್ಸಿಲ್ಲವಾದರೆ ಅಂಗಡಿಗೆ ಹಿಂದಿರುಗಿಸಿ. ಅವರೂ ಒಪ್ಪದಿದ್ದರೆ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿ ಒಂದು ಪೂರ್ತಿ ದಿನವಿಟ್ಟು, ಬಳಿಕ ಆಳವಾಗಿ ಹೂಳಿ.

ನಾಟಿ ಮಾಡುವಾಗ ಉದ್ದ ಬಾಲದ, ಏಡಿಯ ಮುಂಗೈಯ ಪ್ರಾಣಿ ಗದ್ದೆಯಲ್ಲಿ ಸಿಕ್ಕರೆ ಮತ್ತೆ ನೀರಿಗೆ ಎಸೆಯಬೇಡಿ. ಮುಚ್ಚಳವಿರುವ ಡಬ್ಬಿಗೆ ಹಾಕಿ, ಸಿಕ್ಕ ಜಾಗ ಗುರುತಿಟ್ಟುಕೊಂಡು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ಅಂದೇ ತೋರಿಸಿ.